ಸರೋವರದ ಕಡೆಗೆ ಮುಖ

ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು, ಯಾ ಅಲ್ಲಾಹ್, ಕೈ ಸುಟ್ಟಿತು, ದೋಹಾದ ಜುಲೈ ಅಂದರೆ ಮಹಡಿಯ ಮೇಲಿನ ಟ್ಯಾಂಕಿಯೇ ಒಲೆ, ಮಿಸ್ರಿಯಾ ಕೈಗೆ ಗಾಳಿ ಊದಿಕೊಂಡಳು, ಇಂಥ ನೀರಿಗೆ ಜಪಾನಿಗೆ ಹೋಗಿ ಬಂದೆವಲ್ಲ, ಓಲ್ಡ್ ಏರ್‌ಪೋರ್ಟ್ ಏರಿಯಾದ ನಮ್ಮ ಮನೆಯ ಬಾತ್‌ರೂಮಲ್ಲೇ ಧರ್ಮಕ್ಕೆ ಬರ್ತದೆ ಅಂತ ಅಬ್ದುಲ್ಲಾ ಊರಿಡೀ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು, ಆದರೆ ಅಲ್ಲಿ, ಮಾರ್ಚಿನಲ್ಲಿ, ಆ ಸರೋವರದ ಮುಂದೆ ಬಾಯಿ ತೆರೆದು ನಿಂತವನೂ ಇದೇ ಗಂಡ — ನೀಲಿ ಎಂದರೆ ಎಂಥ ನೀಲಿ, ಆಚೆ ದಡದ ಬೆಟ್ಟದ ಮೇಲೆ ಹಿಮ, ನಮ್ಮ ನೇತ್ರಾವತಿಯಷ್ಟು ಅಗಲ ಇಲ್ಲ ನೋಡು, ಅನ್ನುವಾಗಲೂ ಕಣ್ಣು ತುಂಬಿತ್ತು, ಕಳ್ಳ. ಬಿಸಿನೀರಿನ ಬುಗ್ಗೆ ಅಂದಾಗಲೇ ಅವಳ ಅರ್ಧ ಜೀವ ಹೋಗಿತ್ತು, ಬಟ್ಟೆ ಹಾಕಿ ಇಳಿಯುವ ಹಾಗಿಲ್ಲವಂತೆ, ಹೆದರ್ಬೇಡಿ ಉಮ್ಮ, ನಿಮಗಿಬ್ಬರಿಗೇ ಬೇರೆ ಕೊಳ ಬುಕ್ ಮಾಡಿದ್ದೇನೆ ಅಂತ ಮಗಳು ಫರ್ಝಾನಾ, ಪಾಪ, ಅವಳಿಗೇನು ಗೊತ್ತು, ಉಮ್ಮ ಹೆದರಿದ್ದು ಪರರಿಗಲ್ಲ, ಗಂಡನಿಗೆ — ಎಡದ ಎದೆ ಆಪರೇಷನ್ನಿನಲ್ಲಿ ಹೋದ ಮೇಲೆ ದೀಪ ಆರಿಸದೆ ಅವನ ಮುಂದೆ ಬಟ್ಟೆ ಬದಲಿಸಿದವಳಲ್ಲ, ಅವನು ನೋಡಿದರೆ ಆ ಮುಖ ಹೇಗಾದೀತು, ಆ ಮುಖ ನೋಡಿದ ಮೇಲೆ ತಾನು ಹೇಗೆ ಬದುಕಲಿ.

ಅವನು ಆಗಲೇ ಸರೋವರದ ದಡದ ಆ ಕೊಳದಲ್ಲಿ ಮುಳುಗಿ ಕೂತಿದ್ದ, ಇವಳು ಟವೆಲು ಅವುಚಿ ಬಾಗಿಲಲ್ಲಿ, ಚಳಿ ಕೊರೆಯುತ್ತದೆ, ಕಾಲು ಏಳುವುದಿಲ್ಲ, ಬಾ ಮಾರಾಯ್ತಿ, ನಾನು ಕೆರೆ ನೋಡ್ತಾ ಇರ್ತೇನೆ, ನೀನು ಹೇಳದೆ ತಿರುಗುದಿಲ್ಲ, ಅಂದವನು ಇವಳು ನೀರಿಗಿಳಿದಾಗಲೂ ತಿರುಗಲೇ ಇಲ್ಲ, ಬಿಸಿಗೆ ಕೆಂಪಾದ ಕತ್ತು, ನರೆಗೂದಲಿನ ಅಂಚು, ನೀರು ಅವಳ ಹೊಲಿಗೆಯ ಮೇಲೆ ಮೆತ್ತಗೆ ಆಡುತ್ತಿತ್ತು, ಎಷ್ಟು ಹಿತ, ಇತ್ತ ತಿರುಗಿ ಅಂದುಬಿಡಲೇ ಅಂತ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು, ಆ ಕತ್ತು ಕಾಯುತ್ತಲೇ ಇತ್ತು, ದೋಹಾಕ್ಕೆ ಬಂದೂ ಹೇಳಲಿಲ್ಲ, ಇವತ್ತಿನವರೆಗೆ ಅವನೂ ಕೇಳಲಿಲ್ಲ, ಎಂಥ ಹಟಮಾರಿ ಪ್ರೀತಿ ಇದು, ಬಯ್ಯೋಣವೆಂದರೂ ಬಾಯಿ ಬರುವುದಿಲ್ಲ.

ಬಾತ್‌ರೂಮಿನ ಬಾಗಿಲು ಬಡಿದ ಸದ್ದು, ಅವನೇ, ನಲ್ಲಿ ಸುಡ್ತದೆ ಅಲ್ವಾ, ಎಸಿ ರೂಮಲ್ಲಿ ಬೆಳಿಗ್ಗೆಯೇ ಹಿಡಿದಿಟ್ಟ ನೀರುಂಟು, ಹೊರಗೆ ಇಡ್ತೇನೆ — ಇಡಿ ಅನ್ನಬೇಕು, ಅಭ್ಯಾಸ ಹಾಗೆ, ಕೈ ಮಾತ್ರ ಚಿಲಕದ ಮೇಲಿದೆ, ಮನೆಯಲ್ಲಿ ಇಬ್ಬರೇ, ತೆರೆದಳು, ಟವೆಲೂ ಇಲ್ಲ, ಮಧ್ಯಾಹ್ನದ ಬಿರುಬೆಳಕು, ಅವನು ಬಕೆಟ್ಟು ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾನೆ, ಅದೇ ಕತ್ತು, ಇತ್ಲಾಗಿ ತಿರುಗಿ, ಅಂದದ್ದು ತನ್ನದೇ ದನಿ, ಎಂತ ಅಂದ, ತಿರುಗಿ ಮಾರಾಯ್ರೇ, ನಾನೇ ಹೇಳ್ತಾ ಇದ್ದೇನಲ್ಲ, ಬಕೆಟ್ಟಿನ ನೀರು ತುಳುಕಿತು, ಆ ಕತ್ತು, ನರೆಯ ಅಂಚು, ಮೆಲ್ಲಗೆ, ಆ ಕತ್ತು —