ಗುರುಬಸಪ್ಪನವರು ಸಂಬಳ ಕೇಳಲು ಕಲಿತದ್ದು

ಜಯನಗರದ ಗುರುಬಸಪ್ಪನವರಿಗೆ ಐವತ್ತು ತುಂಬಿದ ವರ್ಷವೇ ಅವರ ಬಟ್ಟೆ ಗಿರಣಿಗೆ ಬೀಗ ಬಿತ್ತು. ಮಗ್ಗಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಅವರು. ಕೆಲಸದಲ್ಲಿ ಗಟ್ಟಿಗರು, ಹಟದಲ್ಲಿ ಇನ್ನೂ ಗಟ್ಟಿಗರು! ಎಲ್ಲಿ ಕೆಲಸ ಕೇಳಲು ಹೋದರೂ ಕೂರುವ ಮೊದಲೇ, "ಗಿರಣೀಲಿ ನಂಗೆ ತಿಂಗಳಿಗೆ ಇನ್ನೂರು ರೂಪಾಯಿ ಬರ್ತಿತ್ತು. ಅದಕ್ಕಿಂತ ಕಮ್ಮಿ ಅಂದ್ರೆ ಮಾತೇ ಬೇಡ" ಎನ್ನುತ್ತಿದ್ದರು. ಸರಿ, ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಯುಗಾದಿ ಹೋಯಿತು, ಗೌರಿಹಬ್ಬವೂ ಹೋಯಿತು. ಒಂದು ಬೆಳಿಗ್ಗೆ ಹೆಂಡತಿ ಬಸವಲಿಂಗಮ್ಮ ರೊಟ್ಟಿ ತಟ್ಟುತ್ತಲೇ ಹೇಳಿಬಿಟ್ಟರು: "ದೀಪಾವಳಿಯೊಳಗೆ ಕೆಲಸ ಸಿಗ್ದಿದ್ರೆ ಮನೆ ಖಾಲಿ ಮಾಡಿ ತುಮಕೂರಿಗೆ, ನಮ್ಮಣ್ಣನ ಮನೆಗೆ ಹೋಗೋದೇ. ಜಯದೇವಿ ಓದು ಅರ್ಧಕ್ಕೇ ನಿಲ್ಲತ್ತೆ."

ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು ಪುಸ್ತಕದ ಮೇಲೆ ತಲೆ ತಗ್ಗಿಸಿದಳು. ಗುರುಬಸಪ್ಪನವರು ರೊಟ್ಟಿ ಬಿಟ್ಟು ಎದ್ದರು. ಪಕ್ಕದ ಮನೆಯ ಪರಮಶಿವಯ್ಯನವರ ಬಳಿ ಹೋದರು. ಅವರು ಉದ್ಯೋಗ ವಿನಿಮಯ ಕಚೇರಿಯಲ್ಲಿ ಗುಮಾಸ್ತರು.

"ನಮ್ಮಲ್ಲಿ ಹೆಸರು ಬರೆಸಿದ್ರಾ?"

"ಈ ವಯಸ್ಸಲ್ಲಿ ಹುಡುಗರ ಜೊತೆ ಕ್ಯೂ ನಿಲ್ಲೋದಾ, ಸ್ವಾಮಿ?"

"ನಿಂತ್ರೆ ಏನು ಗಂಟು ಹೋಗತ್ತೆ? ಒಂದು ಕಾಸೂ ಖರ್ಚಿಲ್ಲ. ಹೋದ ಕಡೆ ಸಂಬಳದ ಮಾತು ಮೊದ್ಲು ಎತ್ಬೇಡಿ. ನಿಮಗೆ ಏನು ಕೆಲಸ ಬರತ್ತೆ, ಅದನ್ನ ಹೇಳಿ."

ಹೆಸರು ಬರೆಸಿದರು. ಕೆಲವೇ ದಿನಗಳಲ್ಲಿ ಯಡಿಯೂರಿನ ಹೊಸ ಮಗ್ಗದ ಶೆಡ್ಡಿನಿಂದ ಕರೆ ಬಂತು. ಗುರುಬಸಪ್ಪನವರು ತಮ್ಮ ಕಸುಬಿನ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಮಾಲೀಕರಿಗೂ ಖುಷಿಯಾಯಿತು. "ಸಂಬಳ ಎಷ್ಟು ಬೇಕು?" ಎಂದರು. ಇದೂ ಕೈತಪ್ಪಿದರೆ ಎಂಬ ಭಯ ನೋಡಿ, ನಮ್ಮ ಮೇಸ್ತ್ರಿಗಳು ಕೈಮುಗಿದು, "ನಿಮಗೆ ತೋಚಿದ್ದು ಕೊಡಿ" ಎಂದುಬಿಟ್ಟರು!

ಮಾಲೀಕರಿಗೆ ತೋಚಿದ್ದು ಎಂಬತ್ತು. ಗುರುಬಸಪ್ಪನವರು ನಾಳೆ ಹೇಳುತ್ತೇನೆಂದು ಮನೆಗೆ ಬಂದರು.

ಬಸವಲಿಂಗಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ! ಅಯ್ನೋರು ಕಾಣಿಕೆ ಇಸ್ಕೊಂಡಂಗೆ ಸಂಬಳ ಇಸ್ಕೊಳ್ತಾರೇನ್ರೀ?"

ಸುದ್ದಿ ಕೇಳಿದ ಪರಮಶಿವಯ್ಯ ಬಿದ್ದು ಬಿದ್ದು ನಕ್ಕರು. "ಮೊದ್ಲು ಆಕಾಶಕ್ಕೇ ಏಣಿ ಹಾಕಿದ್ರಿ, ಈಗ ನೆಲಕ್ಕೇ ಬಿದ್ರಾ? ಶೆಡ್ಡಿನ ಎದುರು ಕಾಫಿ ಹೋಟ್ಲಿದೆ. ಮೇಸ್ತ್ರಿಗೆ ಈಗ ಏನು ಸಂಬಳ ನಡೀತಿದೆ ಅಂತ ಅಲ್ಲಿಗೆ ಬರೋ ಕೆಲಸದವರನ್ನ ಕೇಳಿ. ಮನೆಗೆ ಎಷ್ಟು ಬೇಕೇ ಬೇಕು ಅಂತ ಅಮ್ಮನವರನ್ನ ಕೇಳಿ. ಆಮೇಲೆ ಬಾಯಿ ಬಿಡಿ."

ಮರುದಿನ ಗುರುಬಸಪ್ಪನವರು ಎರಡನ್ನೂ ತಿಳಿದುಕೊಂಡೇ ಹೋದರು. "ಸಾಹುಕಾರ್ರೇ, ಈ ಕಡೆ ಮೇಸ್ತ್ರಿಗೆ ನೂರ ನಲವತ್ತು ನಡೀತಿದೆ. ನನಗೂ ಅಷ್ಟು ಕೊಡಿ, ಮನೆ ನಡೆಯತ್ತೆ. ಆರು ತಿಂಗಳು ಕೆಲಸ ನೋಡಿ, ಹಿಡಿಸಿದ್ರೆ ಜಾಸ್ತಿ ಮಾಡಿ" ಎಂದರು. ದನಿ ನಡುಗಲಿಲ್ಲ, ಏರಲೂ ಇಲ್ಲ. ಮಾಲೀಕರು ಒಪ್ಪಿಕೊಂಡರು.

ಇನ್ನೂರು ಬರಲಿಲ್ಲ, ನಿಜ. ಆದರೆ ಆ ಮಾರ್ಚಿನಲ್ಲಿ ಜಯದೇವಿ ಜಯನಗರದಿಂದಲೇ ಪರೀಕ್ಷೆಗೆ ಹೋದಳು. ಅಪ್ಪನ ಎದೆ ಹಿಗ್ಗಿತು.

ಅಣ್ಣಂದಿರೇ, ಅಕ್ಕಂದಿರೇ, ವಯಸ್ಸಾದ ಮೇಲೆ ಕೆಲಸ ಹೋದವರು ನಿಮ್ಮ ಮನೆಯಲ್ಲೂ ಇದ್ದಾರೆಯೇ? ಹಳೇ ಸಂಬಳವನ್ನೇ ಹಿಡಿದು ಕೂರಬೇಡಿ, ಕೊಟ್ಟಷ್ಟು ಕೊಡಿ ಎಂದು ಕೈಯೊಡ್ಡಲೂ ಬೇಡಿ. ನಾಲ್ಕು ಜನರನ್ನು ವಿಚಾರಿಸಿ, ತಲೆ ಎತ್ತಿ ಕೇಳಿ. ನಾಚಿಕೆ ಬಿಟ್ಟು ನಾಳೆಯೇ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ. ನಿಮ್ಮ ಮಗಳೂ ಓದಬೇಕಲ್ಲವೇ?