ಭವ್ಯ ಬಂದ ದಿನದ ಭಾಷಣಗಳು

ಶಾಲೆಗೆ ಮಕ್ಕಳ ಕತೆಗಾರ್ತಿಯೊಬ್ಬರನ್ನು ಕರೆಸೋಣ ಎಂದು ಹೆಡ್‌ಮಾಸ್ತರು ಗಣಪಯ್ಯ ಹೇಳಿದಾಗ ಕನ್ನಡ ಟೀಚರ್ ಸುಮಯ್ಯಳಿಗೆ ಖುಷಿಯೇ ಆಯಿತು. ಹೆಸರು ಕೇಳಿದ ಮೇಲೆ ಆ ಖುಷಿ ಉಳಿಯಲಿಲ್ಲ.

"ಶಿವಮೊಗ್ಗದ ಭವ್ಯ ಅಂತ. ನಿಮ್ಮ ಜೊತೆ ಟಿಸಿಎಚ್ ಓದಿದವರಂತಲ್ಲ? ಏರ್ಪಾಡೆಲ್ಲ ನೀವೇ ನೋಡ್ಕಳಿ."

ಹಾಸ್ಟೆಲ್ಲಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಕತೆ ಹೇಳುತ್ತಿದ್ದವಳು ಸುಮಯ್ಯ. ಕೇಳುತ್ತಿದ್ದವರಲ್ಲಿ ಭವ್ಯಳೂ ಒಬ್ಬಳು. ಇಬ್ಬರೂ ಒಟ್ಟಿಗೇ ಪತ್ರಿಕೆಗೆ ಕತೆ ಕಳಿಸಿದ್ದರು. ಭವ್ಯಳದು ಅಚ್ಚಾಯಿತು, ಸುಮಯ್ಯಳದು ವಾಪಸ್ ಬಂತು. ಆಮೇಲೆ ಸುಮಯ್ಯ ಬರೆಯಲೇ ಇಲ್ಲ. ಈಗ ಕಮ್ಮರಡಿ ಶಾಲೆಯ ಈ ಮಕ್ಕಳು ಭವ್ಯಳ ಪುಸ್ತಕಕ್ಕೆ ಕಿತ್ತಾಡುವುದನ್ನು ನೋಡಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಬೇಡ ಅನ್ನುವ ಹಾಗಿರಲಿಲ್ಲ. ಆದರೆ ಯಾರಿಗೆ ಎಷ್ಟು ಹೊತ್ತು ಎನ್ನುವುದು ಅವಳ ಕೈಯಲ್ಲೇ ಇತ್ತು. ಎಸ್‌ಡಿಎಂಸಿ ಅಧ್ಯಕ್ಷರ ಭಾಷಣ, ಪಂಚಾಯ್ತಿ ಸದಸ್ಯರ ಭಾಷಣ, ನಿವೃತ್ತ ಮಾಸ್ತರರ ಹಿತವಚನ, ಎಲ್ಲ ಮುಗಿದ ಮೇಲೆ ಕತೆ. ಸಂಜೆ ಭವ್ಯ ಶಿವಮೊಗ್ಗದ ಬಸ್ಸು ಹಿಡಿಯಲೇಬೇಕು.

"ಕತೆಗೆ ಹೊತ್ತು ಸಾಕಾಗ್ತದಾ?" ಗಣಪಯ್ಯ ಕೇಳಿದರು.

"ದೊಡ್ಡವರನ್ನ ಬಿಟ್ರೆ ಬೇಜಾರು ಮಾಡ್ಕತಾರೆ ಸಾರ್."

ಅಂದುಕೊಂಡ ಹಾಗೇ ಆಯಿತು. ಭಾಷಣಗಳು ಮುಗಿಯಲೇ ಇಲ್ಲ. ಮಕ್ಕಳು ಆಕಳಿಸಿದರು, ಒಬ್ಬರನ್ನೊಬ್ಬರು ಚಿವುಟಿಕೊಂಡರು. ವೇದಿಕೆಯ ಮೇಲೆ ಭವ್ಯ ಹಾರ ಹಾಕಿಕೊಂಡೇ ಕೂತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು.

ಭವ್ಯ ಎದ್ದಳು, ಹಾರ ತೆಗೆದಿಟ್ಟಳು, ವೇದಿಕೆಯಿಂದಿಳಿದು ಮಕ್ಕಳ ನಡುವೆ ನೆಲದ ಮೇಲೆ ಕೂತಳು.

"ಬಸ್ಸು ಹೋದ್ರೆ ಹೋಗ್ಲಿ. ಇವತ್ತು ಸುಮಯ್ಯನ ಮನೇಲಿ ಉಳೀತೀನಿ. ಕತೆ ಬೇಕಾ?"

"ಬೇಕು!" ಮಾಡು ಹಾರಿಹೋಗುವಂತೆ ಮಕ್ಕಳು ಕೂಗಿದರು.

ಕತೆ ಮುಗಿಯುವವರೆಗೂ ಯಾರೂ ಅಲುಗಾಡಲಿಲ್ಲ. ಬಾಗಿಲ ಬಳಿ ನಿಂತ ಸುಮಯ್ಯಳಿಗೆ ಭವ್ಯ ಎಲ್ಲಾದರೂ ತಡವರಿಸಬಾರದೇ ಅನಿಸಿತು. ಅವಳು ತಡವರಿಸಲಿಲ್ಲ. ಸುಮಯ್ಯಳ ಮೆಚ್ಚಿನ ವಿದ್ಯಾರ್ಥಿನಿ ಗಗನಾ ಭವ್ಯಳ ಮಡಿಲಿಗೇ ಒರಗಿ ಕೂತಿದ್ದಳು. ಅದನ್ನು ನೋಡಲಾಗದೆ ಸುಮಯ್ಯ ಹೊರಗೆ ಹೋಗಿ ನಿಂತಳು.

ರಾತ್ರಿ ಮನೆಯಲ್ಲಿ ಕಡುಬಿಗೆ ಮೀನು ಸಾರು ಬಡಿಸುತ್ತಾ ಅವಳೇ ಹೇಳಿಬಿಟ್ಟಳು.

"ಅಷ್ಟೆಲ್ಲ ಭಾಷಣ ಹಾಕ್ಸಿದ್ದು ನಾನೇ."

"ಗೊತ್ತಾಯ್ತು ಮಾರಾಯ್ತಿ. ಹಾಸ್ಟೆಲ್ಲಲ್ಲಿ ವಾರ್ಡನ್ ಭಾಷಣ ಶುರು ಮಾಡಿದ್ರೆ ಎದ್ದು ಓಡ್ತಿದ್ದವಳು ನೀನು. ನನ್ನ ಮೇಲೆ ಅಷ್ಟು ಸಿಟ್ಟಾ?"

"ಸಿಟ್ಟಲ್ಲ. ಹೊಟ್ಟೆಕಿಚ್ಚು."

ಭವ್ಯ ನಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಕಡುಬು ಮುರಿಯುತ್ತಾ, "ಮಕ್ಕಳಿಗೆ ಬೇಜಾರಾಯ್ತಲ್ಲೇ, ಅದೊಂದು ಮಾಡಬಾರದಿತ್ತು," ಎಂದಳು.

ಬೈದಿದ್ದರೆ ಸುಮಯ್ಯ ತಿರುಗಿ ಏನಾದರೂ ಅನ್ನುತ್ತಿದ್ದಳು. ಈ ಮಾತಿಗೆ ಕಣ್ಣು ತುಂಬಿತು.

ಮರುದಿನ ಭವ್ಯಳನ್ನು ಬಸ್ಸು ಹತ್ತಿಸಿ ಶಾಲೆಗೆ ಬಂದಾಗ ಹೊಟ್ಟೆಕಿಚ್ಚು ಪೂರ್ತಿ ಹೋಗಿರಲಿಲ್ಲ. ತರಗತಿಗೆ ಕಾಲಿಟ್ಟ ಕೂಡಲೇ ಮಕ್ಕಳು ಭವ್ಯಳ ಕತೆಯನ್ನೇ ಶುರು ಮಾಡಿದರು. ಸುಮಯ್ಯ ಪಾಠದ ಪುಸ್ತಕ ಮುಚ್ಚಿಟ್ಟು ಬೆಂಚಿನ ತುದಿಯಲ್ಲಿ ಕೂತಳು.

"ನಿಧಾನ, ಒಬ್ಬೊಬ್ಬರೇ ಹೇಳಿ. ನಾನು ಹೊರಗಿದ್ದೆ, ಪೂರ್ತಿ ಕೇಳಿಲ್ಲ."