ಸೆರಾಫಿನ್ ಬಾಯಿ ದಾಟಿದ ಸೇತುವೆ

ಸೆರಾಫಿನ್ ಬಾಯಿಯವರು ಕೊಡೆಯ ತುದಿಯಿಂದ ನೆಲವನ್ನು ತಟ್ಟಿ ನೋಡದೆ ಹೆಜ್ಜೆಯಿಟ್ಟಿದ್ದನ್ನು ನಾನು ಕಂಡಿಲ್ಲ. ಕಣ್ಣು ನಿಚ್ಚಳ, ಕಾಲು ಗಟ್ಟಿ. ಆದರೂ ಬಂಟ್ವಾಳ ಪೇಟೆಯ ಡಾಮರು ರಸ್ತೆಯಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ, ಕೊನೆಗೆ ನಮ್ಮ ಮನೆಯ ಚಾವಡಿಯಲ್ಲೂ, ಭೂಮಿ ಇನ್ನೂ ಸ್ವಸ್ಥಾನದಲ್ಲಿ ಇದೆಯೋ ಎಂದು ವಿಚಾರಿಸಿಕೊಳ್ಳುವಂತೆ ಟಕ್ ಟಕ್ ಎನ್ನಿಸುತ್ತ, ಗೋಡೆಯ ಮಗ್ಗುಲಿಗೇ ಸರಿದು ಬರುತ್ತಾರೆ. ಕೂತರೂ ನೆಮ್ಮದಿಯಿಲ್ಲ; ಬಳೆ ತಿರುಗಿಸುವುದು, ಕಿಟಕಿ ನೋಡುವುದು, ಎದ್ದು ಮತ್ತೆ ಕೂರುವುದು.

ಇಂಥವರು ಕೊಂಕಣಿ ಮಾಸಪತ್ರಿಕೆಯೊಂದರಲ್ಲಿ ಭಯವನ್ನು ಗೆಲ್ಲುವ ರೋಚಕ ಧಾರಾವಾಹಿಗಳನ್ನು ಬರೆಯುತ್ತಾರೆಂದರೆ ಹೊಸಬರು ನಂಬುವುದಿಲ್ಲ. ಕರಡು ತಿದ್ದುವ ನನಗೆ ನಂಬದೆ ವಿಧಿಯಿಲ್ಲ. ಅವರ ಕಥೆಗಳು ಪರಮ ಶುಚಿ. ಕೊಲೆಯಾದರೂ ರಕ್ತ ಕಾಣದು. ಅಪಹರಣಕಾರನೂ ಊಟಕ್ಕೆ ಮುಂಚೆ ಶಿಲುಬೆಯ ಗುರುತು ಮಾಡುತ್ತಾನೆ. ಕೆಟ್ಟ ಮಾತು ಬರಬೇಕಾದಲ್ಲಿ 'ಆತ ಏನೋ ಅಂದ' ಎಂದಿರುತ್ತದೆ. ಕತ್ತಲೆಗೋ ಹಾವಿಗೋ ಲಿಫ್ಟಿಗೋ ಹೆದರುವ ನಾಯಕಿ ಕೊನೆಯ ಕಂತಿನಲ್ಲಿ ಒಂದು ಪ್ರಾರ್ಥನೆ ಹೇಳುತ್ತಾಳೆ, ಭಯ ಓಡಿಹೋಗುತ್ತದೆ. "ಅಷ್ಟು ಸುಲಭವಾ ಬಾಯಿ?" ಎಂದು ಛೇಡಿಸಿದರೆ, "ಓದುವವರಿಗೆ ನಿದ್ದೆ ಬರ್ಬೇಡವಾ ಮಾರಾಯ್ರೆ" ಎನ್ನುತ್ತಾರೆ.

ಅವರ ಸ್ವಂತ ಭಯ ಸೇತುವೆಯದು. ನೇತ್ರಾವತಿಯ ಆಚೆ ದಡದ ಪಾಣೆಮಂಗಳೂರು ಹತ್ತಿರದಲ್ಲೇ ಇದ್ದರೂ, ರವಿಕೆ ಹೊಲಿಸಲು ನದಿ ದಾಟಬೇಕಿಲ್ಲದ ದೂರದ ಪೇಟೆಯೊಂದರ ಬಸ್ಸು ಹತ್ತುತ್ತಿದ್ದರು. ಕಾರಣ ಕೇಳಿದರೆ, "ಗೊತ್ತಿದ್ದರೆ ಕಥೆಯಲ್ಲಿ ಹಾಕ್ತಿದ್ದೆ." ಒಮ್ಮೆ ಧೈರ್ಯ ಮಾಡಿ ನಾಯಕಿಯನ್ನು ಸೇತುವೆಯ ಬುಡಕ್ಕೆ ತಂದು ನಿಲ್ಲಿಸಿದರು, ಆಮೇಲೆ ತಿಂಗಳುಗಟ್ಟಲೆ ಆಕೆ ಅಲ್ಲೇ ನಿಂತಳು. ಒಂದು ಕಂತಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಇನ್ನೊಂದರಲ್ಲಿ ಹಳೆಯ ಗೆಳತಿ ಸಿಕ್ಕಿದಳು, ಮತ್ತೊಂದು ಪೂರ್ತಿ ಮಳೆ. ಅವಳು ದಾಟುವುದು ಯಾವಾಗ ಎಂದು ಓದುಗರು ದಾರಿಯಲ್ಲಿ ನನ್ನನ್ನು ಹಿಡಿದು ಕೇಳತೊಡಗಿದರು.

ಅಷ್ಟರಲ್ಲಿ ಆಚೆ ದಡದ ಜೋಸ್ವಿಟಾಳ ಮದುವೆ ಗೊತ್ತಾಯಿತು. ಈಕೆ ತಾಯಿಯಿಲ್ಲದ ಹುಡುಗಿ. ಆ ಮನೆಯವರು ಈಚೆ ದಡದಲ್ಲಿದ್ದಾಗ ನಡೆದ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡಿದ್ದ ಧರ್ಮತಾಯಿ ನಮ್ಮ ಬಾಯಿ. ಮಗುವಿನ ಮೊದಲ ಪರಮಪ್ರಸಾದಕ್ಕೆ ಜ್ವರವೆಂದು, ಆಮೇಲೆ ಅವಳ ತಾಯಿಯ ಶವಸಂಸ್ಕಾರಕ್ಕೆ ಕಾಲುನೋವೆಂದು ತಪ್ಪಿಸಿಕೊಂಡವರು. ಈಗ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ, ತಾಯಿಯ ಜಾಗದಲ್ಲಿ ನಿಂತು ಮೊದಲ ಕೈ ಅವರೇ ಹಾಕಬೇಕು. ಹುಡುಗಿ ಗದರಲಿಲ್ಲ. "ನೀವು ಬರುವವರೆಗೆ ಮಣೆಯ ಮೇಲೆ ಕೂತಿರ್ತೇನೆ ಆಂಟಿ" ಎಂದು ಫೋನಿಟ್ಟಳಂತೆ.

ರೋಸ್‌ನ ಸಂಜೆ ಅಝೀಮನ ಆಟೋದಲ್ಲಿ ಅವರ ಜೊತೆ ನಾನೂ ಹೊರಟೆ. ಹೆದ್ದಾರಿಯಲ್ಲಿ ಬ್ಲಾಕ್ ಉಂಟೆಂದು ಅವನು ಹಳೆಯ ಇಕ್ಕಟ್ಟಿನ ಸೇತುವೆಗೆ ತಿರುಗಿಸಿದ. ನಟ್ಟನಡುವೆ ಎದುರಿಗೊಂದು ಪಿಕಪ್ ಸಿಕ್ಕಿಕೊಂಡು ಎಲ್ಲವೂ ನಿಂತಿತು.

"ಅಝೀಮ್, ಇದು ಅಲ್ಲಾಡ್ತಾ ಉಂಟು."

"ಅಲ್ಲಾಡುವುದು ಆಟೋ ಬಾಯಮ್ಮ. ಎಂಜಿನ್ ಆಫ್ ಮಾಡ್ತೇನೆ."

ಎಂಜಿನ್ ನಿಂತಿತು, ಅಲ್ಲಾಟ ನಿಲ್ಲಲಿಲ್ಲ. ಅದು ಅವರ ಮೊಣಕಾಲಿನದಾಗಿತ್ತು. "ಪ್ರಾರ್ಥನೆ ಹೇಳುವ" ಎಂದೆ. "ಹೇಳಿ ಆಯ್ತು. ಹೋಗುವುದಿಲ್ಲ ಈ ಹೆದರಿಕೆ" ಎಂದರು. ಹಿಂದೆ ನೋಡಿದರು, ಮುಂದೆ ನೋಡಿದರು, ಆಮೇಲೆ ಆಟೋದಿಂದ ಇಳಿದೇಬಿಟ್ಟರು. ಒಂದು ಕೈಯಲ್ಲಿ ನನ್ನ ಅಂಗಿಯ ತೋಳು, ಇನ್ನೊಂದರಲ್ಲಿ ಕೊಡೆ. ಟಕ್ ಎಂದು ಒಂದು ಹೆಜ್ಜೆ, ಅದರ ಹಿಂದೆಯೇ ತುಳುವಿನಲ್ಲಿ ಒಂದು ಅಚ್ಚ ಬೈಗುಳ, ಮತ್ತೆ ಟಕ್, ಮೊದಲಿನದಕ್ಕಿಂತ ಘನವಾದ ಬೈಗುಳ. ಅವರ ಯಾವ ಕರಡಿನಲ್ಲೂ ನಾನು ಕಾಣದ ಶಬ್ದಸಂಪತ್ತು ಅದು. ಎದುರಾದ ಮೀನಿನ ಹೆಂಗಸು ಬುಟ್ಟಿಯ ಸಮೇತ ಬದಿಗೆ ಸರಿದು ಗೌರವದಿಂದ ದಾರಿ ಬಿಟ್ಟಳು. ನನಗೆ ನಗು ಬರಲಿಲ್ಲ. ತೋಳು ಬಿಡಿಸಿಕೊಳ್ಳದೆ ಅವರ ಹೆಜ್ಜೆಗೇ ಹೆಜ್ಜೆ ಹಾಕಿದೆ.

ಜೋಸ್ವಿಟಾ ಮಣೆಯ ಮೇಲೇ ಕೂತಿದ್ದಳು. ಬಾಯಿಯವರು ಹಚ್ಚಿದ ತೆಂಗಿನಹಾಲು ಹಣೆಯ ಬದಲು ಕಣ್ಣಿಗೆ, ಕಿವಿಗೆ ಹರಿಯಿತು. ಯಾವುದು ಹಾಲು, ಯಾವುದು ಕಣ್ಣೀರು ಎಂದು ಅಪ್ಪಿಕೊಂಡ ಇಬ್ಬರ ಮುಖದಲ್ಲೂ ತಿಳಿಯುವಂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಳಿ ಬಂದು ಪಿಸುಗುಟ್ಟಿದರು: "ವಾಪಸ್ ಹೋಗ್ಲಿಕ್ಕೂ ಅದೇ ಸೇತುವೆಯಾ?"

ಮುಂದಿನ ಕಂತಿನಲ್ಲಿ ನಾಯಕಿ ದಾಟಿದಳು. ಭಯ ಓಡಿಹೋಯಿತೆಂಬ ಮಾಮೂಲಿ ವಾಕ್ಯ ಈ ಸಲ ಇರಲಿಲ್ಲ. 'ನಡುಸೇತುವೆಯಲ್ಲಿ ಆಕೆ ಏನೋ ಅಂದಳು' ಎಂದಷ್ಟೇ ಇತ್ತು. ನಾನು ತಿದ್ದಲಿಲ್ಲ.

ಊರಿಗೆಲ್ಲ ಧೈರ್ಯ ಹಂಚುವ ಇಂಥವರ ಮನೆಯಲ್ಲಿ ಅದರ ದಾಸ್ತಾನು ಯಾವಾಗಲೂ ಕಡಿಮೆಯೇ. ನಾವು ನಗುತ್ತೇವೆ, ನಗಬಾರದು. ಭಯ ಬಿಟ್ಟುಹೋಗಲಿ ಎಂದು ಕಾದಿದ್ದರೆ ಅವರು ಈಚೆ ದಡದಲ್ಲೇ ಮುದುಕರಾಗುತ್ತಿದ್ದರು. ಆಚೆ ದಡದಲ್ಲಿ ಯಾರೋ ಒಬ್ಬರು ತಮಗಾಗಿ ಎದ್ದುಹೋಗದೆ ಕೂತಿದ್ದಾರೆಂದು ತಿಳಿದ ದಿನ, ಇಂಥವರು ನಡುಗುತ್ತಲೇ ಹೊರಟುಬಿಡುತ್ತಾರೆ.